ಗೋಲಿನ ಹಿಂದಿನ ಸಾಲು

ಜುಬೇದಾ ಸನದಿ ಗೋಲಿನ ಹಿಂದನ ಕೂಡ್ತೀನಿ ಅಂತಾಳ.
ಅದು ಎಲ್ಲಾಕ್ಕಿಂತ ಅಗ್ಗದ ಸೀಟು, ಖರೆ,
ಆದ್ರ ಆಕೀ ಲೆಕ್ಕ ರೊಕ್ಕದ್ದಲ್ಲ.
ಎರಡು ವರ್ಷ ನೆಟ್ಟಿನ ಮುಂದ ನಿಂತಾಕಿ.
ತನ್ನ ದಾಟಿ ಹೋದ ಚೆಂಡು
ಆ ಕಡಿಂದ ಹೆಂಗ ಕಾಣತಿತ್ತು,
ಒಮ್ಮೆ ನೋಡಬೇಕಂತ.

ಎಸ್ಪೆರಾನ್ಸಾಗ ನಡುಗೆರಿ ಎದುರಿಗೇ ಬೇಕು.
ಸುರೇಖಾ ಕಣಬರಗಿ ಅಂತಾಳ:
ಪಾಯಖಾನಿ ಸಮೀಪ ಎಲ್ಲಿದ್ರೂ ಆತವ್ವ,
ಐವತ್ತಮೂರು ನಮಗ,
ಹದಿನೇಳು ಆ ಹುಡುಗ್ಯಾರಿಗೆ.

ಕ್ಯಾಂಪಿನ ಬೇಕರಿ, ಹಿಂದಿನ ಖೋಲಿ.
ಪಾವು ಲಟ್ಟಿಸೂ ಮೇಜಿನ ಮ್ಯಾಲ ಮೈದಾ ಹರವಿ
ಎಸ್ಪೆರಾನ್ಸಾ ಬೆರಳ ಎಳದ್ಲು:
ಇದು ಜಾಂಬೋಟಿ. ಇದು ಚೋರ್ಲಾ ಘಾಟು.
ಇಲ್ಲಿ ಸುರೇಖಾಗ ವಾಂತಿ, ಹತ್ತು ನಿಮಿಷ.
ಇದು ಫೋಂಡಾ. ಇದು ಮಡಗಾಂವ, ಸ್ಟೇಡಿಯಮ್ಮು,
ಅಂತ ಒಂದು ಬಿಸ್ಕೀಟು ಇಟ್ಟಳು.
ನಾಕು ತಾಸಿನ ಹಾದಿ.
ಎಲ್ಲೆಲ್ಲಿಯೋ ದೇಶದ ಹುಡುಗ್ಯಾರು
ಸಮುದ್ರ ದಾಟಿ ಆ ಬಿಸ್ಕೀಟಿನ ತನಕ ಬಂದಾರ,
ನಮಗ ಘಾಟು ಇಳಿಯಾಕ ಮೂವತ್ತಾರು ವರ್ಷ.

ಹನ್ನೊಂದ ಮಂದಿಯೊಳಗ ನಾಕ ಮಂದಿ ಸಿಕ್ಕೇವಿ.
ಸಂಕೇಶ್ವರದಾಕಿ ಮೊಣಕಾಲ ಅಂದ್ಲು.
ಒಬ್ಬಾಕಿ ಫೋನಿನ್ಯಾಗ ನಕ್ಕಳು, ಬಾಳ ಹೊತ್ತು ನಕ್ಕಳು,
ಆಮ್ಯಾಲ ಇಟ್ಟಬಿಟ್ಟಳು.
ಉಳಿದ ನಂಬರು ಅಸ್ತಿತ್ವದಲ್ಲಿಲ್ಲ.

ಮನ್ಯಾಗ ಏನ ಹೇಳೂದು?
ಜುಬೇದಾ: ಫೋಂಡಾದಾಗ ಅಕ್ಕನ ಮಗಳ ಬಾಣಂತನ.
ಆ ಹುಡುಗಿಗಿ ಇನ್ನೂ ಲಗ್ನನ ಆಗಿಲ್ಲ,
ಅಷ್ಟು ತಿದ್ದಕೊ ಅಂದೇವಿ.
ಸುರೇಖಾ: ಮಂಗೇಶಿಗೆ ಹಳೇ ಹರಕಿ.
ಎಸ್ಪೆರಾನ್ಸಾ ಒಬ್ಬಾಕೀನ ಇರೂದು,
ಯಾರಿಗೂ ಹೇಳಬೇಕಿಲ್ಲ.
ಆದ್ರೂ ನನಗೂ ಒಂದು ಸುಳ್ಳು ಕೊಡ್ರಿ ಅಂದ್ಲು.
ಓವನ್ನಿನ ಸಾಮಾನ ತರಾಕ ಅಂತ ಕೊಟ್ಟೇವಿ.
ಖುಷಿಯಾದಳು.

ಕುಂದಾ ಒಯ್ಯೂನು ಅಂತ ಒಬ್ಬಾಕಿ.
ಒಳಗ ತಿನ್ನೂದು ಬಿಡೂದಿಲ್ಲಂತ.
ಹಂಗಾರ ಗೇಟಿನ ಪೊಲೀಸಗ ತಿನಿಸೂನು.
ಖಟಕ ರೊಟ್ಟಿ, ಶೇಂಗಾ ಹಿಂಡಿ, ಲಿಂಬು, ಮೊಣಕಾಲಿನ ಎಣ್ಣಿ,
ಒಂದು ಸೀಟಿ. ಸೀಟಿ ಯಾಕ? ಯಾರೂ ಕೇಳಲಿಲ್ಲ.

ನಾನು ಎಡಗಡಿ ಓಡಾಕಿ.
ಎಲ್ಲಿ ಕೂಡ್ತಿ ಮಂಗಲಾ ಅಂದ್ರು, ಮೂಲಿ ಧ್ವಜದ ಹತ್ತಿರ ಅಂದೆ.
ಅಲ್ಲಿಂದ ಒಂದು ಚೆಂಡು ಎತ್ತಿ ಹೊಡದಿದ್ದೆ,
ಸುರೇಖಾನ ಹಣಿಗೆ ಬಡದು ಒಳಗ ಹೋಗಿತ್ತು.
ಆಕಿ ಬೇಕಂತ ಹೊಡದಿಲ್ಲ, ಇವತ್ತಿಗೂ ಒಪ್ಪೂದಿಲ್ಲ.
ಪೇಪರಿನ್ಯಾಗ ಫೋಟೋ ಬಂತು, ಮೊಣಕಾಲು ಸಹಿತ.
ಅಪ್ಪ ಪೇಪರು ಮಡಚಿ ಗಾದಿ ಕೆಳಗ ಇಟ್ಟರು.
ಬೈಲಿಲ್ಲ.
ಮುಂಜಾನೆ ನೋಡಿದ್ರ ಮೂಲ್ಯಾಗ ಬೂಟು ಇರಲಿಲ್ಲ.
ಫೋಟೋ ಮಾತ್ರ ಅವರು ಹೋದ ಮ್ಯಾಲೂ
ಗಾದಿ ಕೆಳಗನ ಇತ್ತು.

ನನ್ನ ಸುಳ್ಳು ಇನ್ನೂ ತಯಾರಾಗಿಲ್ಲ.
ಸ್ವಾದರ ಮಾವ ಆಸ್ಪತ್ರಿಯೊಳಗ ಅಂತ
ಕನ್ನಡಿ ಮುಂದ ಹೇಳಿ ನೋಡಿದೆ,
ಕನ್ನಡಿ ಯಾವ ವಾರ್ಡು ಅಂತ ಕೇಳಿದಂಗಾತು.

ಇವತ್ತ ಸಂಜಿಕ ಅಡಗಿ ಮನ್ಯಾಗ
ಕಟ್ಟಿ ಮ್ಯಾಲಿನ ಚೀಲ ವಾಲಿ
ಒಂದು ಉಳ್ಳಾಗಡ್ಡಿ ಜಾರಿತು.
ಕೈ ಹೋಗಲಿಲ್ಲ. ಎಡಗಾಲು ಹೋತು.
ಪಾದದ ಒಳಮೈಗೆ ಮೆತ್ತಗ ತಗೊಂಡು
ನೆಲಕ್ಕ ಇಳಿಸಿ ಹಿಡಿದಿತ್ತು,
ಸಿಪ್ಪಿ ಸಹಿತ ಹರೀಲಿಲ್ಲ.

ಪಡಸಾಲ್ಯಾಗ ಟಿ.ವಿ. ಸಣ್ಣದಾತು.
ಏನ ಬಿತ್ತು? ಅಂದ್ರು ಇವರು.

ಏನೂ ಬಿದ್ದಿಲ್ಲ, ಅಂದೆ.
ಶನಿವಾರ ಮಡಗಾಂವಕ್ಕ ಹೊಂಟೀನಿ.

ಯಾಕ ಅಂತ ಕೇಳ್ತಾರ ಈಗ.
ನಿಂತೀನಿ,
ಉಳ್ಳಾಗಡ್ಡಿ ಮ್ಯಾಲ ಕಾಲಿಟ್ಟು.